ಸಂದೇಹದ ಚಪ್ಪಾಳೆ

ಆಟ ನೋಡುವವನ ಸಿಟ್ಟಿಗೆ ಲೋಕದಲ್ಲಿ ಹೆಚ್ಚಿನ ಮರ್ಯಾದೆಯಿಲ್ಲ. ನಾಲೆಯಲ್ಲಿ ನೀರು ಬರಲಿಲ್ಲವೆಂದು ರೈತ ಸಿಟ್ಟಾದರೆ ಅದಕ್ಕೆ ಅರ್ಥವಿದೆ ಎನ್ನುತ್ತೇವೆ. ಬಡ್ತಿ ತಪ್ಪಿತೆಂದು ಗುಮಾಸ್ತ ಸಿಟ್ಟಾದರೆ ಅದಕ್ಕೂ ಅರ್ಥವಿದೆ. ಆದರೆ ಮುಖಪರಿಚಯವೂ ಇಲ್ಲದ ಆಟಗಾರನೊಬ್ಬ ಮೋಸ ಮಾಡಿದನೆಂದು ಊಟದ ಹೊತ್ತಿನಲ್ಲಿ ಹುಬ್ಬು ಗಂಟಿಕ್ಕಿಕೊಂಡು ಕುಳಿತವನನ್ನು ಕಂಡರೆ ಮನೆಯ ಮಕ್ಕಳೂ ನಗುತ್ತಾರೆ. ಅವನು ಕೊಟ್ಟದ್ದು ಟಿಕೆಟ್ಟಿನ ಹಣ, ಪಡೆದದ್ದು ಮೂರು ಗಂಟೆಯ ಸಂತೋಷ. ಲೆಕ್ಕ ಅಲ್ಲಿಗೆ ಚುಕ್ತಾ ಆಯಿತಲ್ಲ, ಇನ್ನು ಬಾಕಿ ಏನು ಉಳಿಯಿತು?

ಬಾಕಿಯೊಂದು ಉಳಿದಿದೆ ಎಂಬುದೇ ನನ್ನ ವಾದ. ಅದನ್ನು ವಾದವಾಗಿ ಜೋಡಿಸಬೇಕಾಗಿ ಬಂದದ್ದು ನಮ್ಮ ಕಾಲೇಜಿನ ಅರ್ಥಶಾಸ್ತ್ರದ ಅಧ್ಯಾಪಕರೊಬ್ಬರ ದೆಸೆಯಿಂದ. ಅಮೆರಿಕದ ಬೇಸ್‌ಬಾಲ್ ಆಟಗಾರರು ಸ್ಟೆರಾಯ್ಡ್ ಎಂಬ ಔಷಧಿಯ ಬಲದಿಂದ ದಾಖಲೆಗಳನ್ನು ಮುರಿದ ಸಂಗತಿಯನ್ನು ನಾನು ಒಂದು ದಿನ ಸ್ವಲ್ಪ ಬಿಸಿಯಾಗಿಯೇ ಹೇಳುತ್ತಿದ್ದೆ. ಅವರು ಕೇಳಿ ಮುಗಿಸಿ, "ಏನ್ರೀ ಮೇಷ್ಟ್ರೇ, ಮೈ ಅವನದು, ಸೂಜಿ ಅವನದು. ಏಳು ಸಮುದ್ರದಾಚೆ ಅವನು ಚುಚ್ಚಿಕೊಂಡರೆ ಇಲ್ಲಿ ನಿಮಗೆ ಯಾಕೆ ನೋವು?" ಎಂದರು. ಕೋಣೆಯಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ನಗು ಮುಗಿದ ಮೇಲೂ ಪ್ರಶ್ನೆ ಉಳಿಯಿತು.

ಕನ್ನಡ ಪಾಠ ಹೇಳುವವನಿಗೂ ಬೇಸ್‌ಬಾಲಿಗೂ ಏನು ನಂಟು ಎಂದು ಓದುಗರು ಕೇಳಬಹುದು. ನನ್ನ ಸೋದರಮಾವ ಕೆಲಸದ ನಿಮಿತ್ತ ಕೆಲವು ವರ್ಷ ಸೇಂಟ್ ಲೂಯಿಸ್ ನಗರದಲ್ಲಿದ್ದರು. 1998ರಲ್ಲಿ, ನಾನು ಪಿ.ಯು.ಸಿ. ಓದುತ್ತಿದ್ದಾಗ, ಅವರು ಅಲ್ಲಿಯ ಪತ್ರಿಕೆಗಳ ತುಣುಕುಗಳನ್ನು ಕತ್ತರಿಸಿ ಕಾಗದದೊಡನೆ ಕಳುಹಿಸುತ್ತಿದ್ದರು. ಆಟದ ನಿಯಮ ಅರ್ಥವಾಗುವ ಮೊದಲೇ ಅದರ ಅಂಕಿಗಳು ನನಗೆ ಬಾಯಿಪಾಠವಾದವು. ಬೇಸ್‌ಬಾಲಿನ ಹುಚ್ಚು ಹಿಡಿಯುವ ರೀತಿಯೇ ಅದು. ಆ ಹುಚ್ಚು ಇಂದಿಗೂ ಇಳಿದಿಲ್ಲ.

ಆಟವನ್ನು ಅರಿಯದವರಿಗಾಗಿ ಎರಡು ಮಾತು. ಅರವತ್ತು ಅಡಿ ಆರು ಅಂಗುಲ ದೂರದಿಂದ ಒಬ್ಬ ಚೆಂಡೆಸೆಯುತ್ತಾನೆ, ಅವನು ಪಿಚರ್. ಚೆಂಡು ಅರ್ಧ ಸೆಕೆಂಡಿಗೂ ಕಡಮೆ ಕಾಲದಲ್ಲಿ ಬ್ಯಾಟು ಹಿಡಿದವನನ್ನು ಮುಟ್ಟುತ್ತದೆ. ಹತ್ತು ಸಲ ನಿಂತು ಮೂರು ಸಲ ಸರಿಯಾಗಿ ಹೊಡೆದವನು ಅಲ್ಲಿ ಉತ್ತಮ ಆಟಗಾರ. ಹೊಡೆದ ಚೆಂಡು ಬೇಲಿಯನ್ನು ದಾಟಿ ಹೋದರೆ ಅದು ‘ಹೋಮ್ ರನ್’, ನಮ್ಮ ಕ್ರಿಕೆಟ್ಟಿನ ಸಿಕ್ಸರಿನ ದಾಯಾದಿ. ಆದರೆ ಸಿಕ್ಸರಿನಷ್ಟು ಅಗ್ಗವಲ್ಲ. ಋತುವೊಂದರ 162 ಪಂದ್ಯಗಳಲ್ಲಿ ಮೂವತ್ತು ಹೋಮ್ ರನ್ ಹೊಡೆದವನನ್ನು ಬಲಶಾಲಿಯೆಂದು ಎಣಿಸುತ್ತಾರೆ. ಆದ್ದರಿಂದಲೇ ಒಂದು ಋತುವಿನಲ್ಲಿ ಯಾರು ಎಷ್ಟು ಹೊಡೆದರೆಂಬ ಅಂಕಿಗೆ ಅಲ್ಲಿ ಅಷ್ಟೊಂದು ಬೆಲೆ.

1927ರಲ್ಲಿ ಬೇಬ್ ರೂತ್ 60 ಹೊಡೆದ. ಆ ಅಂಕಿ 34 ವರ್ಷ ನಿಂತಿತು. 1961ರಲ್ಲಿ ರೋಜರ್ ಮ್ಯಾರಿಸ್ 61 ಹೊಡೆದು ಅದನ್ನು ದಾಟಿದ. ಆ ವರ್ಷವೇ ಪಂದ್ಯಗಳ ಸಂಖ್ಯೆ 154ರಿಂದ 162ಕ್ಕೆ ಏರಿತ್ತು. ಹೆಚ್ಚು ಪಂದ್ಯಗಳಲ್ಲಿ ಬಂದ ದಾಖಲೆಯನ್ನು ಬೇರೆಯಾಗಿ ಗುರುತಿಸಬೇಕೆಂದು ಆಟದ ಅಂದಿನ ಕಮಿಷನರ್ ಫೋರ್ಡ್ ಫ್ರಿಕ್ ಹೇಳಿದರು. ಮ್ಯಾರಿಸನ ಅಂಕಿಯ ಪಕ್ಕದಲ್ಲಿ ನಕ್ಷತ್ರದ ಗುರುತೊಂದು ಬಿತ್ತೆಂದು ಜನ ನಂಬಿದರು. ನಿಜವಾಗಿ ಅಂಥ ಗುರುತನ್ನು ಯಾವ ಅಧಿಕೃತ ಪುಸ್ತಕದಲ್ಲೂ ಅಚ್ಚು ಹಾಕಲಿಲ್ಲ. ಆದರೂ ಅದು ಅವನ ಹೆಸರಿಗೆ ಅಂಟಿಕೊಂಡಿತು. 1991ರಲ್ಲಿ ಈ ಭೇದವನ್ನು ತೆಗೆದುಹಾಕಿದಾಗ ಮ್ಯಾರಿಸ್ ಇರಲಿಲ್ಲ, 1985ರಲ್ಲೇ ತೀರಿಕೊಂಡಿದ್ದ. ಎಂಟು ಪಂದ್ಯಗಳ ಹೆಚ್ಚಳಕ್ಕೆ ಇಷ್ಟೊಂದು ತಕರಾರು ಮಾಡಿದ ಆಟ ಅದು ಎಂಬುದನ್ನು ನೆನಪಿನಲ್ಲಿಟ್ಟುಕೊಂಡು ಮುಂದಿನದನ್ನು ಕೇಳಬೇಕು.

1994ರಲ್ಲಿ ಆಟಗಾರರ ಮುಷ್ಕರದಿಂದ ಋತು ಅರ್ಧಕ್ಕೆ ನಿಂತು, ವರ್ಲ್ಡ್ ಸೀರೀಸ್ ಎಂಬ ಅಂತಿಮ ಸರಣಿಯೇ ರದ್ದಾಯಿತು. ಜನ ಬೇಸತ್ತು ಮೈದಾನ ಬಿಟ್ಟರು. ಅವರನ್ನು ಮರಳಿ ಕರೆತಂದ ಕೀರ್ತಿಯನ್ನು 1998ರ ಇಬ್ಬರಿಗೆ ಕೊಡುವುದುಂಟು: ಸೇಂಟ್ ಲೂಯಿಸಿನ ಮಾರ್ಕ್ ಮೆಗ್ವೈರ್, ಷಿಕಾಗೋದ ಸ್ಯಾಮಿ ಸೋಸಾ. ಮ್ಯಾರಿಸನ 61ರ ಕಡೆಗೆ ಇಬ್ಬರೂ ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಹೋದರು. ಸೆಪ್ಟೆಂಬರ್ 8ರಂದು ಮೆಗ್ವೈರ್ 62ನೆಯದನ್ನು ಹೊಡೆದಾಗ ಎದುರಾಳಿಯಾಗಿ ಆಡುತ್ತಿದ್ದ ಸೋಸಾ ಓಡಿ ಬಂದು ತಬ್ಬಿಕೊಂಡ. ಪ್ರೇಕ್ಷಕರ ನಡುವೆ ಕುಳಿತಿದ್ದ ಮ್ಯಾರಿಸನ ಮಕ್ಕಳ ಬಳಿಗೆ ಮೆಗ್ವೈರ್ ಹೋಗಿ ಅವರನ್ನು ಅಪ್ಪಿಕೊಂಡ. ಋತು ಮುಗಿದಾಗ ಅವನದು 70, ಸೋಸಾನದು 66. ನನ್ನ ಮಾವ ಕಳುಹಿಸಿದ ತುಣುಕಿನಲ್ಲಿ ಆ ಅಪ್ಪುಗೆಯ ಚಿತ್ರವಿತ್ತು. ಮನುಷ್ಯ ಮನುಷ್ಯನನ್ನು ಸೋಲಿಸಿಯೂ ಹೀಗೆ ಇರಬಲ್ಲನೆಂದು ನನಗೆ ಆಗ ಅನಿಸಿತ್ತು.

ಆ ಬೇಸಗೆಯಲ್ಲೇ ಇನ್ನೊಂದು ಘಟನೆ ನಡೆದಿತ್ತು. ಆಗಸ್ಟ್ ತಿಂಗಳಲ್ಲಿ ಒಬ್ಬ ವರದಿಗಾರ ಮೆಗ್ವೈರನ ಬೀರುವಿನಲ್ಲಿ ಆಂಡ್ರೋಸ್ಟಿನ್‌ಡಯೋನ್ ಎಂಬ ಮಾತ್ರೆಯ ಸೀಸೆಯನ್ನು ಕಂಡು ಬರೆದ. ದೇಹದೊಳಗೆ ಹೋಗಿ ಸ್ಟೆರಾಯ್ಡಾಗಿ ಮಾರ್ಪಡುವ ವಸ್ತು ಅದು. ಒಲಿಂಪಿಕ್ಸಿನಲ್ಲಿ ನಿಷಿದ್ಧ, ಬೇಸ್‌ಬಾಲಿನಲ್ಲಿ ಆಗ ನಿಷೇಧವಿರಲಿಲ್ಲ. ಬಹು ಜನ ಸಿಟ್ಟಾದದ್ದು ಸೀಸೆಯ ಮೇಲಲ್ಲ, ಸೀಸೆ ಕಂಡವನ ಮೇಲೆ. ಹಬ್ಬದೂಟದ ನಡುವೆ ಅನ್ನದಲ್ಲಿ ಕಲ್ಲಿದೆ ಎಂದು ಹೇಳಿದವನನ್ನು ಯಾರು ಮೆಚ್ಚುತ್ತಾರೆ?

ಮುಂದಿನದು ಒಂದೊಂದಾಗಿ ಹೊರಬಿತ್ತು. 2001ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಬ್ಯಾರಿ ಬಾಂಡ್ಸ್, ಉಳಿದವರು ಇಳಿಮುಖವಾಗುವ 37ರ ವಯಸ್ಸಿನಲ್ಲಿ, 73 ಹೊಡೆದ. 2003ರಲ್ಲಿ ಅದೇ ಊರಿನ ಬಳಿಯ ಬಾಲ್ಕೋ ಎಂಬ ಸಂಸ್ಥೆಯ ಮೇಲೆ ಸರ್ಕಾರದ ದಾಳಿಯಾಯಿತು. ಪರೀಕ್ಷೆಗೆ ಸಿಕ್ಕದಂತೆ ತಯಾರಿಸಿದ ಸ್ಟೆರಾಯ್ಡುಗಳು ಅಲ್ಲಿಂದ ಕ್ರೀಡಾಪಟುಗಳಿಗೆ ಹೋಗುತ್ತಿದ್ದವು. 2005ರ ಮಾರ್ಚ್ 17ರಂದು ಅಮೆರಿಕದ ಕಾಂಗ್ರೆಸ್ಸಿನ ಸಮಿತಿಯ ಮುಂದೆ ಕುಳಿತ ಮೆಗ್ವೈರ್, ಹಿಂದಿನದನ್ನು ಮಾತನಾಡಲು ತಾನು ಬಂದಿಲ್ಲವೆಂದ. ಅದೇ ಸಮಿತಿಗೆ ಬೆರಳು ತೋರಿಸಿ ತಾನು ಎಂದೂ ಮುಟ್ಟಿಲ್ಲವೆಂದ ರಫೇಲ್ ಪಾಲ್ಮೇರೋ ಕೆಲವೇ ತಿಂಗಳಲ್ಲಿ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ. 2007ರ ಡಿಸೆಂಬರಿನಲ್ಲಿ ಮಾಜಿ ಸೆನೆಟರ್ ಜಾರ್ಜ್ ಮಿಚೆಲ್ ಕೊಟ್ಟ ವರದಿಯಲ್ಲಿ 89 ಆಟಗಾರರ ಹೆಸರುಗಳಿದ್ದವು. 2010ರ ಜನವರಿಯಲ್ಲಿ ಮೆಗ್ವೈರ್ ಕೊನೆಗೂ ಒಪ್ಪಿಕೊಂಡ: 1998ರಲ್ಲಿಯೂ ಅದು ತನ್ನ ಮೈಯಲ್ಲಿತ್ತು.

ಇನ್ನು ನನ್ನ ಸಹೋದ್ಯೋಗಿಗಳ ಪ್ರಶ್ನೆಗೆ ಬರೋಣ. ಮೈ ಅವನದಲ್ಲವೆ?

ಈ ಔಷಧಿಯಿಂದ ಯಕೃತ್ತಿಗೂ ಹೃದಯಕ್ಕೂ ಕೇಡಾಗಬಹುದು, ಮನಸ್ಸು ಕೆಡಬಹುದು ಎಂದು ವೈದ್ಯರು ಹೇಳುತ್ತಾರೆ. ಆದರೆ ಇಷ್ಟನ್ನೇ ಹೇಳಿದರೆ ವಾದ ನಿಲ್ಲದು. ಪ್ರಾಯಕ್ಕೆ ಬಂದ ಮನುಷ್ಯ ತನ್ನ ಮೈಗೆ ಕೇಡು ತಂದುಕೊಳ್ಳುವ ಎಷ್ಟೋ ಕೆಲಸಗಳನ್ನು ನಾವು ಸಹಿಸುತ್ತೇವೆ. ಮುಷ್ಟಿಯುದ್ಧಕ್ಕೆ ಟಿಕೆಟ್ಟು ಕೊಂಡು ಹೋಗುತ್ತೇವೆ. ನಿಜವಾದ ಉತ್ತರ ಬೇರೆ ಕಡೆ ಇದೆ. ತಂಡದಲ್ಲಿರುವ ಜಾಗಗಳು ಕೆಲವೇ. ಅವುಗಳ ಕೆಳಗೆ, ಸಣ್ಣ ಊರುಗಳ ಕೆಳದರ್ಜೆಯ ತಂಡಗಳಲ್ಲಿ, ಬಸ್ಸಿನಲ್ಲಿ ಅಲೆಯುತ್ತ, ಅಲ್ಪ ಸಂಬಳಕ್ಕೆ ಆಡುತ್ತ ಕಾಯುವವರು ನೂರಾರು. ಪಕ್ಕದವನು ಚುಚ್ಚಿಸಿಕೊಂಡು ಮೇಲಕ್ಕೆ ಹೋದನೆಂದು ತಿಳಿದ ದಿನ ಅಂಥ ಹುಡುಗನ ಮುಂದೆ ಎರಡೇ ದಾರಿ: ತಾನೂ ಚುಚ್ಚಿಸಿಕೊಳ್ಳುವುದು, ಇಲ್ಲವೆ ಊರಿಗೆ ಹಿಂದಿರುಗುವುದು. ‘ನನ್ನ ಮೈ’ ಎಂದವನು ಹೀಗೆ ಇನ್ನೊಬ್ಬನ ಮೈಯನ್ನೂ ಪಣಕ್ಕೆ ಇಟ್ಟ. 2005ರ ಆ ಸಮಿತಿಯ ಮುಂದೆ ಆಟಗಾರರಿಗಿಂತ ಮೊದಲು ಕುಳಿತವರಲ್ಲಿ ಇಬ್ಬರು ತರುಣರ ತಂದೆತಾಯಿಗಳಿದ್ದರು. ಸ್ಟೆರಾಯ್ಡ್ ಸೇವಿಸಿದ ಆ ಮಕ್ಕಳು ಆತ್ಮಹತ್ಯೆ ಮಾಡಿಕೊಂಡಿದ್ದರು. ಮೇಲಿನವರು ಮಾಡಿದ್ದನ್ನು ಕೆಳಗಿನವರು ಮಾಡುತ್ತಾರೆ. ಇದಕ್ಕೆ ಪ್ರಮಾಣ ಹುಡುಕಬೇಕಾಗಿಲ್ಲ.

ಎರಡನೆಯ ಸಮರ್ಥನೆ ಇನ್ನೂ ಚತುರವಾದದ್ದು. ಸಹಜವೆಂದರೇನು, ಕೃತಕವೆಂದರೇನು? ಕನ್ನಡಕ ಕೃತಕವಲ್ಲವೆ? ಪಂದ್ಯಕ್ಕೆ ಮುಂಚೆ ಕುಡಿಯುವ ಕಾಫಿ? 1974ರಲ್ಲಿ ಟಾಮಿ ಜಾನ್ ಎಂಬ ಪಿಚರನ ಎಡಮೊಣಕೈಯ ಕಟ್ಟು ಹರಿದಾಗ ಡಾ. ಫ್ರ್ಯಾಂಕ್ ಜೋಬ್ ಅವನ ಬಲಗೈಯ ಸ್ನಾಯುರಜ್ಜುವೊಂದನ್ನು ತೆಗೆದು ಅಲ್ಲಿ ಕಟ್ಟಿದರು. ಅವನು ಮತ್ತೆ ಬಂದು ಇನ್ನೂ 164 ಪಂದ್ಯಗಳನ್ನು ಗೆದ್ದ. ಅದು ಸರಿ, ಇದು ತಪ್ಪು ಎನ್ನುವುದು ಹೇಗೆ? ಇಷ್ಟೇ ಅಲ್ಲ, ಹಳೆಯ ಕಾಲದವರೂ ಶುದ್ಧರಲ್ಲ. ದಣಿವು ಮರೆಸುವ ಆಂಫೆಟಮೀನ್ ಗುಳಿಗೆಗಳು ಬಹಳ ವರ್ಷ ಆ ಆಟದಲ್ಲಿ ಕೈಯಿಂದ ಕೈಗೆ ಓಡಾಡುತ್ತಿದ್ದವು. ಅವಕ್ಕೆ ಪರೀಕ್ಷೆ ಬಂದದ್ದು 2006ರಲ್ಲಿ.

ಈ ಮಾತನ್ನು ನಾನು ಒಪ್ಪುತ್ತೇನೆ. ಸಹಜ–ಕೃತಕಗಳ ನಡುವೆ ಗೆರೆ ಎಳೆಯಹೊರಟವನ ಗೆರೆ ಅಳಿಸಿಯೇ ಹೋಗುತ್ತದೆ. ನಾನು ಎಳೆಯುವ ಗೆರೆ ಬೇರೆ: ಹೇಳಬಹುದಾದದ್ದು ಒಂದು ಕಡೆ, ಮುಚ್ಚಿಡಬೇಕಾದದ್ದು ಇನ್ನೊಂದು ಕಡೆ. ಟಾಮಿ ಜಾನನ ಕೈಗೆ ಏನಾಯಿತೆಂದು ಅವನ ಚೆಂಡನ್ನು ಎದುರಿಸಿದ ಪ್ರತಿಯೊಬ್ಬನಿಗೂ ತಿಳಿದಿತ್ತು. ಆ ಶಸ್ತ್ರಚಿಕಿತ್ಸೆಗೆ ಅವನ ಹೆಸರೇ ನಿಂತುಬಿಟ್ಟಿದೆ. ಚುಚ್ಚುಮದ್ದಿಗೆ ತನ್ನ ಹೆಸರಿಡಿರೆಂದು ಯಾವ ಆಟಗಾರನೂ ಮುಂದೆ ಬಂದಿಲ್ಲ. ಹ್ಯಾಂಕ್ ಏರನ್ ತಾನು ಒಮ್ಮೆ ಅಂಥ ಗುಳಿಗೆ ನುಂಗಿದ್ದನ್ನು ತನ್ನ ಆತ್ಮಕಥೆಯಲ್ಲಿ ತಾನೇ ಹೇಳಿದ್ದಾನೆ. ಹೇಳಿದವನನ್ನು ತೂಗಿ ನೋಡಬಹುದು, ಕ್ಷಮಿಸಬಹುದು. ಮುಚ್ಚಿಟ್ಟವನನ್ನು ತೂಗಲು ನಮ್ಮ ಕೈಯಲ್ಲಿ ಏನಿದೆ?

‘ಹಾಗಾದರೆ ಎಲ್ಲರೂ ಬಹಿರಂಗವಾಗಿಯೇ ತೆಗೆದುಕೊಳ್ಳಲಿ, ಗುಟ್ಟೇ ಇಲ್ಲದಂತಾಗುತ್ತದೆ’ ಎನ್ನುವವರಿದ್ದಾರೆ. ಆಟವೆಂದರೆ ಏನೆಂಬುದನ್ನು ಅವರು ಮರೆತಿದ್ದಾರೆಂದು ತೋರುತ್ತದೆ. ಆಟ ನಾವಾಗಿ ತಂದುಕೊಂಡ ಕಷ್ಟ. ಚೆಂಡನ್ನು ಬೇಲಿಯಾಚೆ ಹಾಕುವುದಷ್ಟೇ ಗುರಿಯಾಗಿದ್ದರೆ ಕೈಯಲ್ಲಿ ಎತ್ತಿಕೊಂಡು ಹೋಗಿ ಆಚೆ ಎಸೆದು ಬರಬಹುದು. ಇಷ್ಟು ದೂರದಿಂದ, ಇಂಥ ಬ್ಯಾಟಿನಿಂದ, ಇಂಥ ನಿಯಮಕ್ಕೆ ಒಳಪಟ್ಟು ಎಂದು ನಮ್ಮ ಕೈಗೆ ನಾವೇ ಕಟ್ಟು ಹಾಕಿಕೊಂಡು, ಆ ಕಟ್ಟಿನೊಳಗೆ ಮನುಷ್ಯನ ಸಾಮರ್ಥ್ಯ ಎಷ್ಟು ದೂರ ಹೋಗಬಲ್ಲುದೆಂದು ನೋಡುತ್ತೇವೆ. ಕಷ್ಟವನ್ನು ಕಳ್ಳದಾರಿಯಿಂದ ತಪ್ಪಿಸಿಕೊಂಡವನು ಎದುರಾಳಿಗಿಂತ ಮುಂದೆ ಹೋದನೆನ್ನುವುದಕ್ಕಿಂತ ಆಟದಿಂದಲೇ ಹೊರಗೆ ಹೋದನೆನ್ನುವುದು ಸರಿ. ಎಲ್ಲರೂ ತೆಗೆದುಕೊಂಡರೆ ಸ್ಪರ್ಧೆ ರಸಾಯನಶಾಲೆಗಳ ನಡುವೆ ನಡೆದೀತು. ಆಟಗಾರ ಆ ಶಾಲೆಯ ಜಾಹೀರಾತಿನ ಹಲಗೆಯಾದಾನು.

ಇಲ್ಲಿ ನನಗೆ ಬಲರಾಮ ನೆನಪಾಗುತ್ತಾನೆ. ಭೀಮ–ದುರ್ಯೋಧನರ ಗದಾಯುದ್ಧದ ಪ್ರಸಂಗವನ್ನು ಪಾಠ ಮಾಡುವಾಗ ನಮ್ಮ ವಿದ್ಯಾರ್ಥಿಗಳ ಪಕ್ಷಪಾತವೆಲ್ಲ ಭೀಮನ ಕಡೆಗೆ. ಅದು ಸಹಜ; ದುರ್ಯೋಧನನಿಗೆ ಶಾಸ್ತಿಯಾಗಬೇಕಾಗಿತ್ತು. ಆದರೆ ಭೀಮ ಹೊಕ್ಕುಳಿನ ಕೆಳಗೆ, ತೊಡೆಗೆ ಹೊಡೆದಾಗ ನೇಗಿಲೆತ್ತಿ ಅವನ ಮೇಲೆ ನುಗ್ಗಿದವನು ಬಲರಾಮ. ಅವನಿಗೆ ಆ ಯುದ್ಧದಲ್ಲಿ ಯಾರ ಪಕ್ಷವೂ ಇರಲಿಲ್ಲ. ಇಬ್ಬರೂ ಅವನ ಶಿಷ್ಯರು. ಪ್ರತಿಜ್ಞೆ, ಶಾಪ, ಕಲಿಯುಗ ಎಂದು ಕೃಷ್ಣ ಎಷ್ಟು ಕಾರಣ ಹೇಳಿದರೂ ಅವನಿಗೆ ಸಮಾಧಾನವಾಗಲಿಲ್ಲ. ಭೀಮ ವಕ್ರಯೋಧನೆಂದೇ ಹೆಸರಾಗುತ್ತಾನೆಂದು ಹೇಳಿ ದ್ವಾರಕೆಗೆ ಹೊರಟುಹೋದ. ಗದಾಯುದ್ಧವನ್ನೇ ಆರಿಸಿಕೊಂಡ ಮೇಲೆ ಗದಾಯುದ್ಧವನ್ನೇ ಮಾಡಬೇಕು ಎಂಬುದಷ್ಟೇ ಅವನ ಮಾತು. ಆಟದ ಅಭಿಮಾನಿಯ ಸಿಟ್ಟಿಗೆ ಇಷ್ಟು ಹಳೆಯ, ಇಷ್ಟು ಗೌರವಸ್ಥ ವಂಶವಿದೆ.

ಮೂರನೆಯ ಸಮರ್ಥನೆ, ಆಗ ಪರೀಕ್ಷೆಯೇ ಇರಲಿಲ್ಲವೆಂಬುದು. 1991ರಲ್ಲಿಯೇ ಕಮಿಷನರ್ ಫೇ ವಿನ್ಸೆಂಟ್ ಸ್ಟೆರಾಯ್ಡ್ ಕೂಡದೆಂದು ಸುತ್ತೋಲೆ ಕಳುಹಿಸಿದ್ದರು. ಆದರೆ ಹೆಸರು ಬಯಲಾಗದ, ಶಿಕ್ಷೆಯಿಲ್ಲದ ಮೊದಲ ಪರೀಕ್ಷೆ ನಡೆದದ್ದು 2003ರಲ್ಲಿ. ನಡುವಿನ ಹನ್ನೆರಡು ವರ್ಷ ಬಾಗಿಲಿಗೆ ಬೀಗವಿತ್ತು, ಕಾವಲುಗಾರನಿರಲಿಲ್ಲ. ಇದಕ್ಕೆ ಆಟಗಾರರ ಸಂಘವೂ ಹೊಣೆ, ತಂಡದ ಮಾಲೀಕರೂ ಹೊಣೆ. ಹೋಮ್ ರನ್ ಏರಿದಂತೆ ಟಿಕೆಟ್ಟಿನ ಹಣವೂ ಏರುತ್ತಿತ್ತು. ಹುಂಡಿ ತುಂಬುತ್ತಿರುವಾಗ ದೇವರ ಮೂಗುತಿಯನ್ನು ಒರೆಗೆ ಹಚ್ಚಲು ಯಾವ ಧರ್ಮದರ್ಶಿ ಹೋಗುತ್ತಾನೆ? ಆ ಕಾಲದ ಬಹುಪಾಲು ಕಮಿಷನರ್ ಸ್ಥಾನದಲ್ಲಿದ್ದ ಬಡ್ ಸೆಲಿಗ್ ಅವರಿಗೆ 2017ರಲ್ಲಿ ಕೂಪರ್ಸ್‌ಟೌನಿನ ಕೀರ್ತಿಭವನದಲ್ಲಿ ಸ್ಥಾನ ದೊರೆಯಿತು. ಬಾಂಡ್ಸನಿಗೆ ಹತ್ತು ವರ್ಷ ಬರಹಗಾರರ ಮತ ಸಾಲದೆ ಹೋಯಿತು. ಬೇಕಾದದ್ದು ಸೇಕಡ 75, 2022ರ ಕೊನೆಯ ಅವಕಾಶದಲ್ಲಿ ಬಂದದ್ದು 66. ಬಿತ್ತಿದವನನ್ನು ಹೊರಗಿಟ್ಟು, ಬೆಳೆ ಕೊಯ್ದವನಿಗೆ ಶಾಲು ಹೊದಿಸುವ ಈ ಕ್ರಮವನ್ನು ನ್ಯಾಯವೆನ್ನಲು ನನಗೆ ನಾಲಗೆ ಹೊರಳುವುದಿಲ್ಲ. ಆದರೆ ಕಾವಲುಗಾರ ನಿದ್ದೆ ಮಾಡಿದನೆಂದರೆ ಕಳವು ದಾನವಾಗುವುದಿಲ್ಲ. ಕದ್ದುಮುಚ್ಚಿ ಮಾಡಿದವನಿಗೆ ಅದು ತಪ್ಪೆಂದು ಗೊತ್ತಿತ್ತು. ಮುಚ್ಚಿದ ಬಾಗಿಲೇ ಅದಕ್ಕೆ ಸಾಕ್ಷಿ.

ಇಷ್ಟಾಗಿಯೂ ನನ್ನ ನೋವಿನ ಮೂಲವನ್ನು ನಾನಿನ್ನೂ ಹೇಳಿಲ್ಲ. ಅದಕ್ಕೆ ಈ ಔಷಧಿ ಏನು ಮಾಡುತ್ತದೆಂಬುದನ್ನು ತಿಳಿಯಬೇಕು. ಸ್ಟೆರಾಯ್ಡೆಂದರೆ ಗಂಡಸಿನ ದೇಹದಲ್ಲಿ ತಾನಾಗಿ ಹುಟ್ಟುವ ಟೆಸ್ಟೋಸ್ಟಿರೋನಿನ ಕೃತಕ ರೂಪ. ಕಠಿಣ ವ್ಯಾಯಾಮದಲ್ಲಿ ಸವೆದ ಸ್ನಾಯುವನ್ನು ಅದು ಬೇಗ ಕಟ್ಟಿಕೊಡುತ್ತದೆ. ಇನ್ನೊಬ್ಬ ಮೈನೋವಿನಿಂದ ಮಲಗಿರುವ ದಿನ ಇವನು ಮತ್ತೆ ಭಾರ ಎತ್ತಬಲ್ಲ. ಅದು ಕಣ್ಣು ಕೊಡುವುದಿಲ್ಲ. ಅರ್ಧ ಸೆಕೆಂಡಿನೊಳಗೆ ಚೆಂಡಿನ ತಿರುವನ್ನು ಗುರುತಿಸಿ ಬ್ಯಾಟು ಬೀಸುವ ವಿದ್ಯೆ ಯಾವ ಸೀಸೆಯಲ್ಲೂ ಸಿಕ್ಕುವುದಿಲ್ಲ. ಆ ವಿದ್ಯೆ ಮೆಗ್ವೈರನದೇ, ಬಾಂಡ್ಸನದೇ. ಔಷಧಿ ಕೊಡುವುದು ಕೊನೆಯ ಹತ್ತಡಿಯನ್ನು. ಬೇಲಿಯ ಈಚೆ ಇನ್ನೊಬ್ಬನ ಕೈಗೆ ಸಿಕ್ಕಬೇಕಾಗಿದ್ದ ಚೆಂಡು ಬೇಲಿಯ ಆಚೆ ಬೀಳುತ್ತದೆ.

ಅಂದಮೇಲೆ 70ರಲ್ಲಿ ಅವನದೆಷ್ಟು, ಔಷಧಿಯದೆಷ್ಟು? ಹಾಲಿಗೆ ನೀರು ಬೆರೆಸಿದ ಮೇಲೆ ನೀರಿನ ಪಾಲನ್ನಾದರೂ ಅಳೆಯಬಹುದು; ಅದಕ್ಕೊಂದು ಮಾಪಕವಿದೆ. ಇದಕ್ಕೆ ಅಳತೆಯಿಲ್ಲ. ಗಾಯ ಬೇಗ ಮಾಗಲೆಂದು ತೆಗೆದುಕೊಂಡೆ, ಅದಿಲ್ಲದೆಯೂ ಹೋಮ್ ರನ್ ಹೊಡೆಯುತ್ತಿದ್ದೆ ಎಂದು ಮೆಗ್ವೈರ್ 2010ರಲ್ಲಿ ಹೇಳಿದ. ಅದನ್ನು ಸುಳ್ಳೆಂದು ನಾನು ಹೇಳಲಾರೆ. ನಿಜವೆಂದು ಅವನೂ ಹೇಳಲಾರ. ತಾನು ಎಷ್ಟರವನೆಂಬುದನ್ನು ತಿಳಿಯುವ ದಾರಿಯನ್ನು ಅವನು ತನ್ನ ಕೈಯಾರೆ ಮುಚ್ಚಿಕೊಂಡ. ಮೊದಲ ಪೂರ್ಣ ಋತುವಿನಲ್ಲಿಯೇ, 1987ರಲ್ಲಿ, 49 ಹೊಡೆದಿದ್ದ ಬಲಶಾಲಿ ಅವನು. ಬೇರೆ ಯಾರು ಏನೆಂದರೂ ಒಬ್ಬ ಮನುಷ್ಯ ವಯಸ್ಸಾದ ಮೇಲೆ ಒಬ್ಬನೇ ಕುಳಿತು ‘ಇಷ್ಟು ನನ್ನದು’ ಎಂದುಕೊಳ್ಳುವ ಒಂದು ಸುಖವಿದೆ. ಅದನ್ನು ಅವನು ಮಾರಿಕೊಂಡ. ಈ ವ್ಯವಹಾರದಲ್ಲಿ ಮೊದಲು ವಂಚಿತನಾದವನು ವಂಚಕನೇ.

ಎರಡನೆಯವನು ನೋಡುಗ. ಬಾಂಡ್ಸ್ ತಿಳಿದೂ ತಿಳಿದೂ ಔಷಧಿ ತೆಗೆದುಕೊಂಡೆನೆಂದು ಎಂದೂ ಒಪ್ಪಿಲ್ಲ. ವಿಚಾರಣೆಗೆ ಅಡ್ಡಿಪಡಿಸಿದನೆಂದು 2011ರಲ್ಲಿ ಬಂದ ತೀರ್ಪು 2015ರಲ್ಲಿ ರದ್ದಾಯಿತು. ಸೋಸಾ 2024ರ ಡಿಸೆಂಬರಿನಲ್ಲಿ ತನ್ನಿಂದ ತಪ್ಪುಗಳಾದವೆಂದು ಕ್ಷಮೆ ಕೇಳಿದ. ಯಾವ ತಪ್ಪೆಂದು ಬಿಡಿಸಿ ಹೇಳಲಿಲ್ಲ. ಇವರನ್ನು ಅಪರಾಧಿಗಳೆನ್ನಲು ನನಗೆ ಅಧಿಕಾರವಿಲ್ಲ; ಮನಸ್ಸು ತುಂಬಿ ಹೊಗಳಲು ಧೈರ್ಯವಿಲ್ಲ. ಮೆಚ್ಚಿಕೆ ಎನ್ನುವುದು ಒಂದು ನಂಬಿಕೆಯ ವ್ಯವಹಾರ. ಮುಗಿಲ ಕಡೆಗೆ ಹೋಗುವ ಚೆಂಡನ್ನು ನೋಡಿ ನಾವು ಎದ್ದು ನಿಲ್ಲುವಾಗ, ನಾನು ಮಾಡಲಾರದ್ದನ್ನು ನನ್ನಂಥವನೇ ಒಬ್ಬ ಮನುಷ್ಯ ಮಾಡಿದನೆಂಬ ಬೆರಗು ನಮ್ಮನ್ನು ನಿಲ್ಲಿಸುತ್ತದೆ. ಟಿಕೆಟ್ಟಿನ ಹಣ ಹಿಂದಿರುಗಿಸಬಹುದು. ಅಂದು ಎದ್ದು ನಿಂತದ್ದನ್ನು ಹಿಂದಿರುಗಿಸುವುದು ಹೇಗೆ? ಮೊದಲಿಗೆ ನಾನು ಹೇಳಿದ ಬಾಕಿ ಇದೇ.

ಮೂರನೆಯವನ ನಷ್ಟ ಎಲ್ಲಕ್ಕಿಂತ ದೊಡ್ಡದು. ಪಾಠ ಹೇಳುವವರಿಗೆ ಅದು ಬೇಗ ಅರ್ಥವಾಗುತ್ತದೆ. ಪರೀಕ್ಷೆಯ ಕೇಂದ್ರವೊಂದರಲ್ಲಿ ಚೀಟಿಗಳು ಓಡಾಡಿದವೆಂಬ ಸುದ್ದಿ ಬಂದಿದೆ ಎನ್ನಿ. ಉತ್ತರಪತ್ರಿಕೆಗಳ ಕಟ್ಟು ನಮ್ಮ ಮೇಜಿಗೆ ಬರುತ್ತದೆ. ನಡುವೆ ಒಂದು ಸೊಗಸಾದ ಉತ್ತರ ಸಿಕ್ಕುತ್ತದೆ: ತಾನೇ ಯೋಚಿಸಿ ಬರೆದಂತೆ ಕಾಣುವ ಉತ್ತರ. ಬೇರೆ ವರ್ಷವಾಗಿದ್ದರೆ ಎದುರಿನ ಮೇಜಿನವರನ್ನು ಕರೆದು ಓದಿ ಹೇಳುತ್ತಿದ್ದೆವು. ಈ ವರ್ಷ ಪುಟ ತಿರುಗಿಸಿ, ಅಕ್ಷರ ನೋಡಿ, ‘ಇದು ಎಲ್ಲಿಂದ ಬಂದಿರಬಹುದು’ ಎಂದು ಅನುಮಾನಿಸುತ್ತೇವೆ. ಆ ಹುಡುಗ ಅಥವಾ ಹುಡುಗಿ ಯಾವ ಚೀಟಿಯನ್ನೂ ಮುಟ್ಟಿರಲಾರರು. ರಾತ್ರಿಯೆಲ್ಲ ಓದಿರಬಹುದು. ಅಂಕವನ್ನೇನೋ ಕೊಡುತ್ತೇವೆ, ನಮ್ಮ ಸಂತೋಷವನ್ನು ಕೊಡುವುದಿಲ್ಲ. ನಕಲು ಮಾಡಿದವರು ಕದ್ದದ್ದು ಅಂಕಗಳನ್ನಷ್ಟೇ ಎಂದುಕೊಂಡರೆ ತಪ್ಪು. ಪ್ರಾಮಾಣಿಕನಿಗೆ ಸಲ್ಲಬೇಕಾಗಿದ್ದ ನಂಬಿಕೆಯನ್ನು ಅವರು ಕದ್ದರು.

2022ರ ಅಕ್ಟೋಬರ್ 4ರಂದು ಏರನ್ ಜಡ್ಜ್ ಎಂಬ ಆಟಗಾರ ತನ್ನ 62ನೆಯ ಹೋಮ್ ರನ್ ಹೊಡೆದು, ಅಮೆರಿಕನ್ ಲೀಗಿನಲ್ಲಿ 61 ವರ್ಷ ನಿಂತಿದ್ದ ಮ್ಯಾರಿಸನ ಅಂಕಿಯನ್ನು ದಾಟಿದ. ಅದು ಪರೀಕ್ಷೆಗಳ ಕಾಲ. ಅವನ ಮೇಲೆ ಯಾವ ಕಳಂಕವೂ ಇಲ್ಲ. ಮ್ಯಾರಿಸನ ಮಗ ಇದೇ ನಿಜವಾದ ದಾಖಲೆಯೆಂದ. ಜಡ್ಜ್ ಮಾತ್ರ, ದಾಖಲೆ 73 ಎಂದೇ ತನ್ನ ಎಣಿಕೆ ಎಂದ. ಒಂದು ಅಂಕಿ ಯಾವುದೆಂದು ಗೆದ್ದವನೂ ನೋಡಿದವರೂ ಒಪ್ಪಲಾರದ ಸ್ಥಿತಿ ಇದು. ಇಷ್ಟು ಒಳ್ಳೆಯ ದಿನವನ್ನೂ ಹಳೆಯ ಮೋಸ ಬಂದು ಮುಟ್ಟಿತು. ಆ ಕಾಲದಲ್ಲಿಯೇ ಚುಚ್ಚಿಸಿಕೊಳ್ಳದೆ ಆಡಿದವರ ಗತಿಯಂತೂ ಹೇಳುವಂತಿಲ್ಲ. 1998ರಲ್ಲಿ ಶುದ್ಧವಾಗಿ ಆಡಿ 35 ಹೊಡೆದವನೊಬ್ಬನಿದ್ದರೆ ಅವನು ಮಹಾಬಲಶಾಲಿ. 70ರ ಪಕ್ಕದಲ್ಲಿ ಅವನು ಯಾರಿಗೂ ಕಾಣಲಿಲ್ಲ. ಒಲ್ಲೆನೆಂದು ಊರಿಗೆ ಹಿಂದಿರುಗಿದವನ ಹೆಸರು ಯಾವ ವರದಿಯಲ್ಲೂ ಇಲ್ಲ. ಮಿಚೆಲ್ ಅವರ ವರದಿಯಲ್ಲಿ ತಪ್ಪಿತಸ್ಥರೆಂದು 89 ಮಂದಿಗೆ ಹೆಸರಾದರೂ ಸಿಕ್ಕಿತು.

ಈಗ ಮಾಡಬೇಕಾದದ್ದೇನು? ಅಂಕಿಗಳನ್ನು ಅಳಿಸಿರಿ ಎನ್ನುವವರ ಜೊತೆಗೆ ನಾನು ಇಲ್ಲ. ನಡೆದದ್ದನ್ನು ನಡೆಯಲಿಲ್ಲವೆನ್ನುವುದು ಇನ್ನೊಂದು ಸುಳ್ಳು. 2007ರ ಆಗಸ್ಟ್ 7ರಂದು ಏರನನ 755ನ್ನು ದಾಟಿ ಬಾಂಡ್ಸ್ ಹೊಡೆದ 756ನೆಯ ಚೆಂಡನ್ನು ಒಬ್ಬ ವಸ್ತ್ರವಿನ್ಯಾಸಕಾರ ಕೊಂಡು, ಏನು ಮಾಡಲೆಂದು ಜನರ ಮತ ಕೇಳಿ, ಅದಕ್ಕೆ ನಕ್ಷತ್ರದ ಗುರುತು ಕೊರೆಸಿ ಕೂಪರ್ಸ್‌ಟೌನಿಗೆ ಕೊಟ್ಟ. ಎಂಟು ಪಂದ್ಯ ಹೆಚ್ಚು ಆಡಿದ ಮ್ಯಾರಿಸನಿಗೆ ಅಂಟಿಸಿದ ಗುರುತು, ಸುತ್ತಿ ಸುಳಿದು, ಇಲ್ಲಿಗೆ ಬಂದು ಸೇರಿತು. ನನಗೆ ಆ ಗುರುತೂ ಬೇಡ. ಅಂಕಿ ಇರಲಿ, ಅದರ ಪಕ್ಕದಲ್ಲಿ ಕತೆಯೂ ಇರಲಿ. ಹಿರಿಯರು ಕಿರಿಯರಿಗೆ ಎರಡನ್ನೂ ಹೇಳಲಿ. ಕ್ಷಮೆಗೂ ಜಾಗವಿರಲಿ. ಮೆಗ್ವೈರ್ ಜಗತ್ತಿಗೆ ಹೇಳುವ ಮೊದಲು ಮ್ಯಾರಿಸನ ವಿಧವೆಗೆ ದೂರವಾಣಿ ಮಾಡಿ ತಪ್ಪೊಪ್ಪಿಕೊಂಡ. ಹನ್ನೆರಡು ವರ್ಷ ತಡವಾಯಿತು. ಆದರೂ ತಾನು ಯಾರಿಗೆ ಸಾಲಗಾರನೆಂಬುದು ಅವನಿಗೆ ಗೊತ್ತಿತ್ತೆಂದಾಯಿತು. ಆ ಒಂದು ಕರೆಗಾಗಿ ನಾನು ಅವನನ್ನು ಪೂರ್ತಿ ದ್ವೇಷಿಸಲಾರದವನಾಗಿದ್ದೇನೆ.

ಪರೀಕ್ಷೆ ಮಾತ್ರ ಕಟ್ಟುನಿಟ್ಟಾಗಿರಬೇಕು. 2014ರಲ್ಲಿ ಬಂದ ನಿಯಮದಂತೆ ಮೊದಲ ತಪ್ಪಿಗೆ 80 ಪಂದ್ಯಗಳ ನಿಷೇಧ, ಎರಡನೆಯದಕ್ಕೆ ಒಂದು ಋತುವಿನ 162, ಮೂರನೆಯದಕ್ಕೆ ಆಜೀವ ನಿಷೇಧ. ಆಟಗಾರರನ್ನು ಹೀಗೆ ಕಳ್ಳರಂತೆ ನೋಡುವುದು ಅವಮಾನವಲ್ಲವೆ ಎಂದು ಕೆಲವರು ಮರುಗುತ್ತಾರೆ. ತಕ್ಕಡಿಗೆ ಸರ್ಕಾರದ ಮುದ್ರೆ ಹಾಕಿಸುವುದು ಅಂಗಡಿಯವನಿಗೆ ಅವಮಾನವಲ್ಲ. ಸರಿಯಾಗಿ ತೂಗುವವನಿಗೆ ಅದೇ ರಕ್ಷಣೆ. ಪರೀಕ್ಷೆ ಇರುವುದು ಚುಚ್ಚಿಸಿಕೊಳ್ಳದ ಹುಡುಗನಿಗಾಗಿ, ಅವನು ಹೊಡೆದದ್ದನ್ನು ಅವನದೆಂದು ನಾವು ನಂಬುವುದಕ್ಕಾಗಿ.

ಆದರೂ ಕಳೆದದ್ದೆಲ್ಲ ಪರೀಕ್ಷೆಯಿಂದ ಮರಳುವುದಿಲ್ಲ. ಇಂದು ಯಾವನೋ ಒಬ್ಬ ತರುಣ ಚೆಂಡನ್ನು ಬೇಲಿಯಾಚೆ ಬಹುದೂರ ಹೊಡೆದಾಗ, ಮೈದಾನದಲ್ಲಿರುವ ಮಗು ತಕ್ಷಣ ಚಪ್ಪಾಳೆ ತಟ್ಟುತ್ತದೆ. ಪಕ್ಕದಲ್ಲಿರುವ ತಂದೆ, 1998ನ್ನು ಕಂಡವನು, ಅವನೂ ತಟ್ಟುತ್ತಾನೆ, ಒಂದು ಕ್ಷಣ ತಡೆದು. ಆ ಒಂದು ಕ್ಷಣದಲ್ಲಿ ಅವನು ಆಟಗಾರನ ತೋಳಿನ ದಪ್ಪವನ್ನು ನೋಡಿರುತ್ತಾನೆ. ಹಾಗೆ ನೋಡಬೇಕೆಂಬ ಆಸೆ ಅವನಿಗಿಲ್ಲ. ನೋಡದಿರಲು ಅವನಿಂದ ಆಗುವುದಿಲ್ಲ.